ಬೆಲ್‌ಫಾಸ್ಟಿನ ಬಣ್ಣದ ಮನೆ

ಬಣ್ಣ ಹಚ್ಚುವುದೆಂದರೆ ನಮ್ಮ ಕಡೆ ನಟಿಸುವುದು ಎಂದೇ ಅರ್ಥ. ‘ಹತ್ತನೇ ವಯಸ್ಸಿಗೇ ಬಣ್ಣ ಹಚ್ಚಿದವನು’ ಎಂದರೆ ಯಾವ ಗೋಡೆಗೆ ಎಂದು ಯಾರೂ ಕೇಳುವುದಿಲ್ಲ. ಈ ಮಾತು ಎರಡೂ ಅರ್ಥದಲ್ಲಿ ಒಪ್ಪುವ ಕಟ್ಟಡವೊಂದು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಬಂದರಿನಲ್ಲಿದೆ. ಹೆಸರು ‘ಪೇಂಟ್ ಹಾಲ್’. 1970ರ ದಶಕದಲ್ಲಿ ಅದನ್ನು ಕಟ್ಟಿದ್ದು ಹಡಗಿನ ತುಂಡುಗಳಿಗೆ ಬಣ್ಣ ಬಳಿಯಲಿಕ್ಕೆ. ಈಗ ಅಲ್ಲಿ ಬಣ್ಣ ಹಚ್ಚುವವರು ನಟನಟಿಯರು.

ದೊಡ್ಡ ಹಡಗನ್ನು ಬುಡದಿಂದ ತುದಿಯವರೆಗೆ ಒಂದೇ ಸಲ ಕಟ್ಟುವುದಿಲ್ಲ. ಮನೆಗಾತ್ರದ ತುಂಡುಗಳನ್ನು ಬೇರೆಬೇರೆಯಾಗಿ ಕಟ್ಟಿ, ಬಣ್ಣ ಬಳಿದು, ಆಮೇಲೆ ಕ್ರೇನಿನಲ್ಲಿ ಎತ್ತಿ ಬೆಸೆಯುತ್ತಾರೆ. ಬೆಲ್‌ಫಾಸ್ಟಿನಲ್ಲಿ ಮಳೆಗೆ ಬಿಡುವೆಂಬುದೇ ಇಲ್ಲ. ಕಬ್ಬಿಣದ ಮೇಲೆ ತೇವ ಕೂತರೆ ಬಣ್ಣ ಹಿಡಿಯುವುದಿಲ್ಲ. ಹಾಗಾಗಿ ಒಳಗಿನ ಉಷ್ಣತೆ, ತೇವಾಂಶ ಎರಡನ್ನೂ ಹದದಲ್ಲಿಡಬಲ್ಲ ಒಂದು ಮಹಾ ಶೆಡ್ಡು ಬೇಕಾಯಿತು. ಅದರಲ್ಲಿ ನಾಲ್ಕು ಅಂಕಣ. ಒಂದೊಂದೂ ಸುಮಾರು 16,000 ಚದರ ಅಡಿ, ಅಂದರೆ ಬೆಂಗಳೂರಿನ ಲೆಕ್ಕದಲ್ಲಿ ಹದಿಮೂರು ತರ್ಟಿ-ಫಾರ್ಟಿ ಸೈಟು. ಎತ್ತರ ಸುಮಾರು 90 ಅಡಿ. ಹಡಗಿನ ತುಂಡು ಒಳಗೆ ಬಂದು ಹೋಗಬೇಕಾದ್ದರಿಂದ ನಡುವೆ ಒಂದು ಕಂಬವೂ ಇಲ್ಲ.

ಕಂಬವಿಲ್ಲದ ಅಗಲ, ಸೆಟ್ಟಿನ ಮೇಲೆ ದೀಪ ತೂಗುಹಾಕಲು ಸಾಕಷ್ಟು ಎತ್ತರ, ಲಾರಿ ನೇರ ಒಳಗೆ ಬರುವ ಬಾಗಿಲು, ಹೊರಗಿನ ಮಳೆಗೆ ಜಗ್ಗದ ಮಾಡು. ಕಲಾ ನಿರ್ದೇಶಕನೊಬ್ಬ ದೇವರ ಮುಂದೆ ಕೂತು ವರ ಬೇಡಿದರೂ ಇಷ್ಟೇ ಬೇಡಿಯಾನು.

ಈ ಶೆಡ್ಡು ನಿಂತಿರುವ ನೆಲದ ಕಥೆ ಅದಕ್ಕಿಂತ ಹಳೆಯದು. ಕ್ವೀನ್ಸ್ ಐಲೆಂಡ್ ದೇವರು ಮಾಡಿದ ದ್ವೀಪವಲ್ಲ. 1840ರ ದಶಕದಲ್ಲಿ ಹಡಗುಗಳಿಗೆ ಆಳವಾದ ದಾರಿ ಮಾಡಲು ಲಗಾನ್ ನದಿಯ ಮುಖವನ್ನು ತೋಡಿದಾಗ ಎದ್ದ ಕೆಸರನ್ನು ಗುಡ್ಡೆ ಹಾಕಿದ್ದರಿಂದ ಹುಟ್ಟಿದ್ದು. ತೋಡಿಸಿದ ಗುತ್ತಿಗೆದಾರ ವಿಲಿಯಂ ಡಾರ್ಗನ್. ಮೊದಲು ಜನ ಅದನ್ನು ಡಾರ್ಗನ್ ದ್ವೀಪವೆಂದೇ ಕರೆದರು. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದು ಹೋದ ಮೇಲೆ ರಾಣಿಯ ಹೆಸರಾಯಿತು. ಕೆಲಕಾಲ ಅಲ್ಲಿ ಉದ್ಯಾನವಿತ್ತು, ಗಾಜಿನ ಅರಮನೆಯಿತ್ತು, ಮಕ್ಕಳುಮರಿ ಸಮೇತ ಜನ ಬರುತ್ತಿದ್ದರು. 1861ರಲ್ಲಿ ಹಾರ್ಲಂಡ್ ಮತ್ತು ವುಲ್ಫ್ ಎಂಬಿಬ್ಬರು ಪಾಲುದಾರರಾದ ಮೇಲೆ ಉದ್ಯಾನ ಹೋಯಿತು, ಸುತ್ತಿಗೆಯ ಸದ್ದು ಬಂತು. ಟೈಟಾನಿಕ್ ಕಟ್ಟಿದ್ದು ಇಲ್ಲೇ. ಎರಡನೇ ಮಹಾಯುದ್ಧದ ಕಾಲಕ್ಕೆ ಆ ಕಾರ್ಖಾನೆಯಲ್ಲಿ ಸುಮಾರು 35,000 ಜನ ದುಡಿಯುತ್ತಿದ್ದರು.

ಆ ಸಂಬಳ ಎಲ್ಲರದ್ದೂ ಆಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಹಡಗುಕಟ್ಟೆಯ ಕೆಲಸ ಬಹುಮಟ್ಟಿಗೆ ಪ್ರಾಟೆಸ್ಟಂಟರದು; 1920ರಲ್ಲಿ ಸಾವಿರಾರು ಕ್ಯಾಥೊಲಿಕ್ ಕೆಲಸಗಾರರನ್ನು ಗೇಟಿನಿಂದಾಚೆ ಓಡಿಸಲಾಗಿತ್ತು. ಊರಿನ ಆ ಒಡಕು 1960ರ ದಶಕದ ಕೊನೆಯಿಂದ ಬಾಂಬು ಬಂದೂಕುಗಳಾಗಿ ಸಿಡಿದು ಮೂವತ್ತು ವರ್ಷ ಉರಿಯಿತು, ಸುಮಾರು 3,500 ಜನ ಸತ್ತರು. 1998ರ ಏಪ್ರಿಲಿನ ‘ಗುಡ್ ಫ್ರೈಡೇ’ ಒಪ್ಪಂದದ ಹೊತ್ತಿಗೆ ಹಡಗುಕಟ್ಟೆಯೂ ಬಡಕಲಾಗಿತ್ತು. 2003ರಲ್ಲಿ ‘ಆನ್ವಿಲ್ ಪಾಯಿಂಟ್’ ನೀರಿಗಿಳಿದ ಮೇಲೆ ಅಲ್ಲಿ ಹಡಗು ಕಟ್ಟುವುದು ನಿಂತೇಹೋಯಿತೆನ್ನಬೇಕು. ಸ್ಯಾಮ್ಸನ್, ಗೊಲಾಯತ್ ಎಂಬ ಎರಡು ಹಳದಿ ಕ್ರೇನುಗಳು ಮಾತ್ರ ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತಾ ನಿಂತವು. ಪೇಂಟ್ ಹಾಲಿನಲ್ಲಿ ಬಣ್ಣ ಬಳಿಯಲು ಏನೂ ಉಳಿಯಲಿಲ್ಲ.

ಆ ಮೂವತ್ತು ವರ್ಷ ಸಿನಿಮಾದವರು ಈ ಊರನ್ನು ದೂರದಿಂದಲೇ ನೋಡಿದ್ದು. ಬೆಲ್‌ಫಾಸ್ಟಿನ ಗಲಭೆಯ ದೃಶ್ಯವಿದ್ದ 1993ರ ‘ಇನ್ ದಿ ನೇಮ್ ಆಫ್ ದಿ ಫಾದರ್’ ಚಿತ್ರಕ್ಕೆ ಡಬ್ಲಿನ್ನಿನ ಬೀದಿಗಳೇ ಬೆಲ್‌ಫಾಸ್ಟಿನ ವೇಷ ಹಾಕಿದವು.

ಊರನ್ನು ಮತ್ತೆ ಕಟ್ಟುವ ಕೆಲಸ ನದಿಯಿಂದ ಶುರುವಾಯಿತು. 1989ರಲ್ಲಿ ಸರ್ಕಾರ ಹುಟ್ಟುಹಾಕಿದ ‘ಲಗಾನ್‌ಸೈಡ್ ಕಾರ್ಪೊರೇಷನ್’ ನಾರುತ್ತಿದ್ದ ನದಿಗೆ ಅಡ್ಡಗಟ್ಟೆ ಹಾಕಿ, ದಡದಲ್ಲಿ ಸಭಾಂಗಣ, ಕಚೇರಿ, ಮನೆಗಳನ್ನು ತಂದು 2007ರಲ್ಲಿ ಬಾಗಿಲು ಮುಚ್ಚಿತು. ಕೆಲಸ ಮುಗಿಯಿತೆಂದು ಮುಚ್ಚಿದ ಸರ್ಕಾರಿ ನಿಗಮ! ಓದುಗರು ಇದನ್ನು ಇನ್ನೊಂದು ಸಲ ಓದಿಕೊಳ್ಳಬಹುದು.

ನದಿಯ ಬಾಯಲ್ಲಿರುವ ನೆಲ ಮಾತ್ರ ಬೇರೆಯವರ ಕೈಲಿತ್ತು. ಬೆಲ್‌ಫಾಸ್ಟ್ ಬಂದರು ಮಂಡಳಿ 1847ರಿಂದ ಇರುವ ಸಂಸ್ಥೆ. ಇದು ಖಾಸಗಿ ಕಂಪನಿಯೂ ಅಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಷೇರುದಾರರಿಲ್ಲ, ಲಾಭಾಂಶ ಹಂಚುವ ಗೊಡವೆಯಿಲ್ಲ; ಬಂದ ಲಾಭ ಮತ್ತೆ ಬಂದರಿಗೇ, ಬಂದರಿನ ನೆಲಕ್ಕೇ ಹೋಗಬೇಕು. ನನಗೆ ಈ ಕಥೆಯಲ್ಲಿ ಮುಂದೆ ಬರುವ ಡ್ರ್ಯಾಗನ್ನುಗಳಿಗಿಂತ ಕುತೂಹಲ ಹುಟ್ಟಿಸಿದ್ದು ಈ ಮಂಡಳಿ. ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಲೆಕ್ಕ ಒಪ್ಪಿಸಬೇಕಾದವರು ಸ್ಟುಡಿಯೋ ಕಟ್ಟುವುದಿಲ್ಲ, ಅಪಾರ್ಟ್‌ಮೆಂಟು ಕಟ್ಟುತ್ತಾರೆ. ಹಳೆಯ ಹಡಗುಕಟ್ಟೆಯ 185 ಎಕರೆ ‘ಟೈಟಾನಿಕ್ ಕ್ವಾರ್ಟರ್’ ಎಂಬ ಹೊಸ ಬಡಾವಣೆಯಾಗುವಾಗ ಪೇಂಟ್ ಹಾಲನ್ನು ಕೆಡವದೆ ಉಳಿಸಿಕೊಂಡದ್ದೇ ದೊಡ್ಡ ಮಾತು. ಉತ್ತರ ಐರ್ಲೆಂಡಿನ ಚಿತ್ರೋದ್ಯಮವನ್ನು ಬೆಳೆಸಲೆಂದೇ ಇದ್ದ ‘ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್’ ಅದನ್ನು ಸಿನಿಮಾದವರಿಗೆ ತೋರಿಸತೊಡಗಿತು.

ಮೊದಲು ಬಂದ ದೊಡ್ಡ ಬಾಡಿಗೆದಾರ ‘ಸಿಟಿ ಆಫ್ ಎಂಬರ್’. ನೆಲದಡಿಯ ನಗರವೊಂದರ ಕಥೆ. ಇಡೀ ನಗರದ ಸೆಟ್ಟನ್ನು ಪೇಂಟ್ ಹಾಲಿನೊಳಗೇ ಹಾಕಿದರು. 2008ರಲ್ಲಿ ತೆರೆಕಂಡ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಶೆಡ್ಡಿಗೇನೂ ನಷ್ಟವಾಗಲಿಲ್ಲ. ಚಿತ್ರ ಬಿದ್ದರೂ ಬಾಡಿಗೆ ಬೀಳುವುದಿಲ್ಲ. ಮೇಲಾಗಿ ಇಲ್ಲಿ ಊರನ್ನೇ ಕಟ್ಟಬಹುದು ಎಂಬ ಸುದ್ದಿ ಹಾಲಿವುಡ್ಡಿಗೆ ಮುಟ್ಟಿತು.

2009ರ ಶರತ್ಕಾಲದಲ್ಲಿ ಎಚ್‌ಬಿಒ ಬಂದದ್ದು ಒಂದೇ ಒಂದು ಪರೀಕ್ಷಾರ್ಥ ಕಂತಿಗೆ. ಆ ಕಂತು ತೆರೆ ಕಾಣಲೇ ಇಲ್ಲ, ಬಹುಪಾಲನ್ನು ಮತ್ತೆ ಚಿತ್ರೀಕರಿಸಿದರು. ಆದರೆ 2011ರ ಏಪ್ರಿಲಿನಲ್ಲಿ ಆರಂಭವಾದ ‘ಗೇಮ್ ಆಫ್ ಥ್ರೋನ್ಸ್’ 2019ರ ಮೇ ತನಕ 8 ಸರಣಿ, 73 ಕಂತು ಓಡಿತು. ಕಬ್ಬಿಣದ ಸಿಂಹಾಸನವಿದ್ದ ದರ್ಬಾರು ಪೇಂಟ್ ಹಾಲಿನಲ್ಲಿತ್ತು. ಸಿಮೆಂಟಿಗೆ ಸುಣ್ಣಕಲ್ಲು ತೆಗೆದು ಬಿಟ್ಟುಹೋಗಿದ್ದ ಮ್ಯಾಗರಮೋರ್ನ್ ಕ್ವಾರಿ ಹಿಮದ ಗೋಡೆಯ ಕೆಳಗಿನ ಕೋಟೆಯಾಯಿತು. ಕೊನೆಯ ಸರಣಿಯಲ್ಲಿ ಡ್ರ್ಯಾಗನ್ ಸುಟ್ಟು ಬೂದಿ ಮಾಡುವ ರಾಜಧಾನಿಯ ಬೀದಿಗಳನ್ನು ಸ್ಟುಡಿಯೋದ ಪಕ್ಕದ ಬಯಲಲ್ಲೇ ಎಬ್ಬಿಸಿದರು.

ಒಂದು ಧಾರಾವಾಹಿ ಹತ್ತು ವರ್ಷ ಒಂದೇ ಊರಲ್ಲಿ ಬೀಡುಬಿಟ್ಟರೆ ಏನಾಗುತ್ತದೆ? ಮೊದಲ ವರ್ಷ ಲಂಡನ್ನಿನಿಂದ ಬಂದ ಬಡಗಿ, ಪ್ಲಾಸ್ಟರಿನವನು, ಲೈಟಿನವನು, ಕೇಶವಿನ್ಯಾಸದವಳು ಮೂರನೇ ವರ್ಷಕ್ಕೆ ಸ್ಥಳೀಯರೇ ಆಗಿರುತ್ತಾರೆ. ಸಹಾಯಕನಾಗಿ ಸೇರಿದ ಹುಡುಗ ಆರನೇ ವರ್ಷಕ್ಕೆ ತಂಡ ಕಟ್ಟಿರುತ್ತಾನೆ. ಸಿನಿಮಾ ಎಂದರೆ ನಮಗೆ ತೆರೆಯ ಮೇಲಿನ ಹತ್ತು ಮುಖ. ಊರಿಗೆ ಅದು ಮರಗೆಲಸ, ಹೊಲಿಗೆ, ಅಡುಗೆ, ಲಾರಿ, ಲಾಡ್ಜು. ಈ ಧಾರಾವಾಹಿಗೆ ತಾನು ಕೊಟ್ಟದ್ದು ಸುಮಾರು 1.6 ಕೋಟಿ ಪೌಂಡ್, ನಾಡಿಗೆ ಬಂದದ್ದು ಸುಮಾರು 25 ಕೋಟಿ ಪೌಂಡ್ ಎಂದು ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್ ಲೆಕ್ಕ ಕೊಡುತ್ತದೆ. ದುಡ್ಡು ಕೊಟ್ಟವರೇ ಬರೆದ ಲೆಕ್ಕ, ಸ್ವಲ್ಪ ಅನುಮಾನದಿಂದಲೇ ನೋಡಬೇಕು. 2013ರಿಂದ ಬ್ರಿಟನ್ ಸರ್ಕಾರ ದೊಡ್ಡ ಬಂಡವಾಳದ ಧಾರಾವಾಹಿಗಳಿಗೆ ಕೊಟ್ಟ ತೆರಿಗೆ ವಿನಾಯಿತಿಯ ಪಾಲೂ ಇದರಲ್ಲಿದೆ. ಆದರೆ ವಿನಾಯಿತಿ ಲಂಡನ್ನಿಗೂ ಕಾರ್ಡಿಫ್ಫಿಗೂ ಇತ್ತು. ಖಾಲಿ ಶೆಡ್ಡು ಇದ್ದದ್ದು ಇಲ್ಲಿ.

ಶೆಡ್ಡಿಗೆ ಒಂದು ಕೊರತೆಯಿತ್ತು. ಅದು ಬಣ್ಣಕ್ಕೆ ಕಟ್ಟಿದ್ದು, ಶಬ್ದಕ್ಕಲ್ಲ. ಊರಿನ ವಿಮಾನ ನಿಲ್ದಾಣ ಬೇರೆ ಪಕ್ಕದಲ್ಲೇ ಇದೆ. ಪೌರಾಣಿಕ ರಾಜನೊಬ್ಬ ಶಪಥ ಮಾಡುವಾಗ ಮೇಲೆ ವಿಮಾನ ಹಾರಿದರೆ ಕಷ್ಟ. 2012ರಲ್ಲಿ ಪಕ್ಕದಲ್ಲಿ ಹೊರಗಿನ ಸದ್ದು ಒಳಬರದ ಎರಡು ಹೊಸ ಫ್ಲೋರುಗಳು ಎದ್ದವು. ಒಟ್ಟು ಆವರಣಕ್ಕೆ ಈಗ ‘ಟೈಟಾನಿಕ್ ಸ್ಟುಡಿಯೋಸ್’ ಎಂದು ಹೆಸರು.

ಬಂದರು ಮಂಡಳಿ ತಾನೇ ಕೈಯಿಂದ ದುಡ್ಡು ಹಾಕಿ ಹೊಸದಾಗಿ ಕಟ್ಟಿದ್ದು ಇನ್ನೊಂದು ದಡದಲ್ಲಿ. ಅದೂ ಊರ ಕಸ ಸುರಿಯುತ್ತಿದ್ದ ಜಾಗ. ದಶಕಗಳ ಕಸ ಬಿದ್ದು ಗುಡ್ಡವಾಗಿದ್ದ ಈ ಕಡಲಂಚನ್ನು ನಗರ ಪಾಲಿಕೆ 2007ರಲ್ಲಿ ಮುಚ್ಚಿ ಮಣ್ಣು ಹಾಸಿತು. ಒಳಗೆ ಕೊಳೆಯುವ ಕಸದ ಮೀಥೇನಿನಿಂದ ವಿದ್ಯುತ್ ತೆಗೆಯಿತು. ಬೆಂಗಳೂರಿನ ಕಸ ಹೊತ್ತು ಸೋತ ಮಂಡೂರಿನವರಿಗೆ ಹೇಳಿದರೆ ನಂಬುವುದು ಕಷ್ಟ. ಹೊಸ ಹೆಸರು ‘ಜಯಂಟ್ಸ್ ಪಾರ್ಕ್’. ಅಲ್ಲಿ ಪಾಲಿಕೆಯ ಜಾಗ, ಬಂದರಿನ ದುಡ್ಡು ಸೇರಿ ಸುಮಾರು 2 ಕೋಟಿ ಪೌಂಡಿನಲ್ಲಿ 1.2 ಲಕ್ಷ ಚದರ ಅಡಿಯ ‘ಬೆಲ್‌ಫಾಸ್ಟ್ ಹಾರ್ಬರ್ ಸ್ಟುಡಿಯೋಸ್’ 2017ರಲ್ಲಿ ತೆರೆಯಿತು. ಮೊದಲ ಬಾಡಿಗೆದಾರ ಸೂಪರ್‌ಮ್ಯಾನನ ತಾತನ ಕಥೆಯ ‘ಕ್ರಿಪ್ಟಾನ್’ ಧಾರಾವಾಹಿ. ಆ ಕಸದ ಗುಡ್ಡಕ್ಕೆ ಹೋಗುವ ರಸ್ತೆಗೆ ಡಾರ್ಗನ್ ರಸ್ತೆ ಎಂದೇ ಹೆಸರು. ಕೆಸರಿನಿಂದ ದ್ವೀಪ ಎಬ್ಬಿಸಿದ ಗುತ್ತಿಗೆದಾರನ ಹೆಸರು ಕಸದ ಪಾಲಿಗೂ ಬಂದಿತ್ತು.

2025ರಲ್ಲಿ ಅದೇ ಬಯಲಲ್ಲಿ ಅಲ್ಸ್ಟರ್ ವಿಶ್ವವಿದ್ಯಾಲಯದ ‘ಸ್ಟುಡಿಯೋ ಅಲ್ಸ್ಟರ್’ ಶುರುವಾಗಿದೆ. ಅಲ್ಲಿ ಸೆಟ್ಟು ಹಾಕುವ ಬದಲು ಆಳೆತ್ತರ ಮೀರಿದ ಎಲ್‌ಇಡಿ ಪರದೆಯ ಮೇಲೆ ಕಾಡು, ಕಡಲು, ಅನ್ಯಗ್ರಹ ಎಲ್ಲವೂ ಮೂಡುತ್ತವೆ. ಬಡಗಿಗಳಿಗೆ ಇದು ಒಳ್ಳೆಯ ಸುದ್ದಿಯೇ ಎಂಬುದು ನನ್ನ ಅನುಮಾನ.

2019ರ ವರ್ಷವನ್ನು ಬೆಲ್‌ಫಾಸ್ಟಿನವರು ಸುಲಭಕ್ಕೆ ಮರೆಯಲಾರರು. ಮೇ ತಿಂಗಳಲ್ಲಿ ಸಿಂಹಾಸನದ ಧಾರಾವಾಹಿಯ ಕೊನೆಯ ಕಂತು ತೆರೆಕಂಡಿತು. ಆಗಸ್ಟಿನಲ್ಲಿ ಹಾರ್ಲಂಡ್ ಮತ್ತು ವುಲ್ಫ್ ದಿವಾಳಿಯ ಬಾಗಿಲಿಗೆ ಬಂತು, ಕೆಲಸಗಾರರು ಗೇಟಿನಲ್ಲಿ ಧರಣಿ ಕೂತರು. ಹಡಗುಕಟ್ಟೆಯನ್ನು ಆ ವರ್ಷವೇ ಬೇರೆಯವರು ಕೊಂಡರು. ಶೆಡ್ಡಂತೂ ಖಾಲಿ ಕೂರಲಿಲ್ಲ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು, 2025ರಲ್ಲಿ ತೆರೆಕಂಡ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಬಂತು. ಆದರೂ ಸಿನಿಮಾದ ಕೆಲಸ ಹಡಗಿನ ಕೆಲಸದಂಥದ್ದಲ್ಲ. ಪಿಂಚಣಿ ಇಲ್ಲ, ಚಿತ್ರ ಮುಗಿದ ಮೇಲೆ ಮುಂದಿನ ಕರೆಗೆ ಕಾಯಬೇಕು. ನಮ್ಮ ಗಾಂಧಿನಗರದ ಲೈಟ್ ಬಾಯ್‌ಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಟುಡಿಯೋಗಳೆಲ್ಲ ಹೀಗೆ ಗೆಲ್ಲುವುದಿಲ್ಲ. ಸ್ಪೇನಿನ ಅಲಿಕಾಂಟೆಯಲ್ಲಿ ಪ್ರಾಂತೀಯ ಸರ್ಕಾರ 2005ರಲ್ಲಿ ‘ಸಿಯುದಾದ್ ದೆ ಲಾ ಲೂಸ್’, ಅಂದರೆ ಬೆಳಕಿನ ನಗರ, ಎಂಬ ಭಾರೀ ಸ್ಟುಡಿಯೋ ತೆರೆಯಿತು. ಸುನಾಮಿಯ ಕಥೆಯ ‘ದಿ ಇಂಪಾಸಿಬಲ್’ ಚಿತ್ರದ ಅಲೆಗಳು ಎದ್ದದ್ದು ಅಲ್ಲಿನ ನೀರಿನ ತೊಟ್ಟಿಯಲ್ಲಿ. 2012ರಲ್ಲಿ, ಈ ಸ್ಟುಡಿಯೋಗೆ ಸುರಿದ ಸುಮಾರು 26.5 ಕೋಟಿ ಯೂರೋ ಸಹಾಯಧನ ಅಕ್ರಮವೆಂದು ಐರೋಪ್ಯ ಆಯೋಗ ತೀರ್ಪಿತ್ತಿತು. ಬೆಳಕಿನ ನಗರ ಹತ್ತು ವರ್ಷ ಕತ್ತಲಲ್ಲಿತ್ತು. ಅಲಿಕಾಂಟೆಯವರು ಮದುವೆಗೆ ಮೊದಲೇ ಛತ್ರ ಕಟ್ಟಿದರು. ಬೆಲ್‌ಫಾಸ್ಟಿನವರು ಇದ್ದ ಕಣಜವನ್ನು ಗುಡಿಸಿ ಮೊದಲ ಮದುವೆ ಮಾಡಿಸಿದರು, ಜನ ಬರತೊಡಗಿದ ಮೇಲೆ ಛತ್ರಕ್ಕೆ ಪಾಯ ತೆಗೆದರು.

ನಮ್ಮಲ್ಲೂ ಈಗ ಈ ಮಾತಿಗೆ ಸಂದರ್ಭವಿದೆ. ಫಿಲ್ಮ್ ಸಿಟಿ ಹೆಸರಘಟ್ಟ, ರಾಮನಗರ ಎಂದೆಲ್ಲ ಸುತ್ತಿ ಈಗ ಮೈಸೂರಿನಲ್ಲಿ ನಿಂತಿದೆ. 2025ರ ಬಜೆಟ್ಟಿನಲ್ಲಿ ಅದಕ್ಕೆ 150 ಎಕರೆ ಎಂದಿದ್ದಾರೆ. ಇತ್ತ ಬೆಂಗಳೂರಿನ ಮಿನರ್ವ ಮಿಲ್ಲಿನ ಪಾಳು ಗೋಡೆಗಳ ನಡುವೆ ಎಷ್ಟು ಹೊಡೆದಾಟಗಳ ಚಿತ್ರೀಕರಣ ನಡೆದಿದೆಯೋ ಲೆಕ್ಕವಿಲ್ಲ. 2001ರಲ್ಲಿ ಗಣಿ ಮುಚ್ಚಿದ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ‘ಕೆ.ಜಿ.ಎಫ್’ ತಂಡ ಬಂದು ಸಯನೈಡ್ ದಿಬ್ಬಗಳ ಮೇಲೆ ಸೆಟ್ಟು ಹಾಕಿತು. ಊರಿನ ಹೆಸರು ದೇಶವೆಲ್ಲ ಮೊಳಗಿತು. ಚಿತ್ರದ ಹೆಸರು ಊರಿನದೇ ಆದರೂ ಊರಿನ ಯುವಕರು ಇವತ್ತಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಔಟ್‌ಡೋರ್ ಶೂಟಿಂಗಿಗೆ ಬಂದವರು ದಿಬ್ಬ ನೋಡಿ ಬರುತ್ತಾರೆ, ಮುಗಿಸಿ ಹೋಗುತ್ತಾರೆ. ಉಳಿಯಬೇಕಾದರೆ ಮಾಡು ಬೇಕು. 150 ಎಕರೆಯ ನಕ್ಷೆ ಬಿಡಿಸುವವರು ಅದಕ್ಕೆ ಮೊದಲು ನಮ್ಮಲ್ಲಿ ಬೀಗ ಹಾಕಿ ಕೂತಿರುವ ಕಾರ್ಖಾನೆ ಶೆಡ್ಡುಗಳ ಒಂದು ಪಟ್ಟಿ ಮಾಡಿದರೆ ಚೆನ್ನ.

ಬೆಲ್‌ಫಾಸ್ಟಿನವರೇ ಆದ ವಿಲಿಯಂ ಮ್ಯಾಕ್ವಿಟಿ ಎಂಬ ನಿರ್ಮಾಪಕರಿದ್ದರು. 1911ರ ಮೇ 31ರಂದು ಟೈಟಾನಿಕ್ ನೀರಿಗಿಳಿದಾಗ ಆರು ವರ್ಷದ ಹುಡುಗನಾಗಿ ನಿಂತು ನೋಡಿದವರು. 1958ರಲ್ಲಿ ಆ ಹಡಗಿನ ಕೊನೆಯ ರಾತ್ರಿಯ ಮೇಲೆ ‘ಎ ನೈಟ್ ಟು ರಿಮೆಂಬರ್’ ಚಿತ್ರ ನಿರ್ಮಿಸಿದರು. ಹಡಗು ಬೆಲ್‌ಫಾಸ್ಟಿನದು, ನಿರ್ಮಾಪಕ ಬೆಲ್‌ಫಾಸ್ಟಿನವರು. ಊರಿನಲ್ಲಿ ಸ್ಟುಡಿಯೋ ಇರಲಿಲ್ಲ. ಸೆಟ್ಟು ಹಾಕಿದ್ದು ಲಂಡನ್ನಿನ ಪಕ್ಕದ ಪೈನ್‌ವುಡ್ಡಿನಲ್ಲಿ. ಪೇಂಟ್ ಹಾಲಿನ ಪಕ್ಕದಲ್ಲಿ 2012ರಲ್ಲಿ ಎದ್ದ ಎರಡು ಫ್ಲೋರುಗಳಲ್ಲಿ ಒಂದರ ಹೆಸರು ‘ವಿಲಿಯಂ’, ಇನ್ನೊಂದರದು ‘ಮ್ಯಾಕ್ವಿಟಿ’.