ಜೋಡಿಸಿದ ಕೂದಲು ಮತ್ತು ಎಂಟು ವಾರದ ಲೆಕ್ಕ

"ಎಕ್ಸ್‌ಟೆನ್ಶನ್ ಹಾಕಿಸಿಕೊಂಡ್ರೆ ಎಷ್ಟು ದಿನ ಬರುತ್ತೆ?" ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ನಮ್ಮ ಹುಡುಗಿಯರು ಮೊದಲು ಕೇಳುವುದು ಇದನ್ನೇ. ಸಲೂನಿನವರು ಒಂದು ವರ್ಷ ಅನ್ನುತ್ತಾರೆ. ಅದು ಸುಳ್ಳಲ್ಲ. ಒಳ್ಳೆಯ ಕೂದಲಾದರೆ ಒಂದು ವರ್ಷ ಬಂದೀತು. ಆದರೆ ಅದನ್ನು ತಲೆಗೆ ಹಿಡಿದಿಟ್ಟಿರುವ ಅಂಟಿನ ಆಯುಷ್ಯ ಬೇರೆ. ಅದು ಆರರಿಂದ ಎಂಟು ವಾರ. ಅಷ್ಟರೊಳಗೆ ನೀವು ಮತ್ತೆ ಅದೇ ಕುರ್ಚಿಯಲ್ಲಿ ಹೋಗಿ ಕೂರಬೇಕು, ಮತ್ತೆ ದುಡ್ಡು ಕೊಡಬೇಕು. ಈ ಎರಡನೇ ಮಾತನ್ನು ಮೊದಲ ದಿನ ಯಾರೂ ಒತ್ತಿ ಹೇಳುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳಿಗೂ ಯಾರೂ ಹೇಳಲಿಲ್ಲ. ಮಳೆಗಾಲದ ಕೊನೆಗೆ ಅವಳಿಗೆ ಡೆಂಗಿ ಬಂತು. ವಾಸಿಯೂ ಆಯಿತು. ಎರಡೂವರೆ ತಿಂಗಳಾದ ಮೇಲೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ನಿಕಾಹ್‌ಗೆ ಉಳಿದಿದ್ದದ್ದು ಐದು ವಾರ. ಮನೆಯವರೆಲ್ಲ ಗಾಬರಿಯಾಗಿ, ಹತ್ತಿರದ ಒಂದು ಸಲೂನಿನಲ್ಲಿ ಟೇಪ್ ಎಕ್ಸ್‌ಟೆನ್ಶನ್ ಹಾಕಿಸಿದರು. ಮದುವೆ ಚೆನ್ನಾಗಿ ನಡೆಯಿತು. ಆಮೇಲೆ ಗಂಡನ ಮನೆಯವರ ಜೊತೆ ಮತ್ಸ್ಯಗಂಧ ರೈಲು ಹತ್ತಿ ಮಂಗಳೂರಿಗೆ ಹೋದವಳು ತಿರುಗಿ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಒಟ್ಟು ಹದಿನಾಲ್ಕು ವಾರ ಆ ಟೇಪು ತಲೆಯಲ್ಲೇ ಇತ್ತು. ನಡುವೆ ಒಂದು ರಾತ್ರಿ ಫೋನ್ ಮಾಡಿ, ದನಿ ತಗ್ಗಿಸಿ, "ಅಕ್ಕ, ಇದಿಟ್ಟುಕೊಂಡು ಕಡ್ಡಾಯ ಸ್ನಾನ ಸಿಂಧುವಾಗುತ್ತಾ?" ಅಂತ ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಉಸ್ತಾದರನ್ನು ಕೇಳಿ, ಓದಿ, ಸಲೂನಿನಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಕೆಲಸ ಮಾಡುವ ರೀತಿ ನೋಡಿ. ನಮ್ಮ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಟೇಪ್ ಪದ್ಧತಿಯಲ್ಲಿ ನಿಮ್ಮ ಕೂದಲಿನ ಒಂದು ತೆಳು ಪದರವನ್ನು ಬುಡದ ಹತ್ತಿರ ಎರಡು ಅಂಟುಪಟ್ಟಿಗಳ ನಡುವೆ ಇಟ್ಟು ಒತ್ತುತ್ತಾರೆ. ಎರಡು ತಿಂಗಳಿಗೆ ಆ ಪಟ್ಟಿ ಬುಡದಿಂದ ಎರಡು ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಆಗ ಅದು ತಿರುಚಿಕೊಳ್ಳುತ್ತದೆ, ಪಕ್ಕದ ಪಟ್ಟಿಯ ಜೊತೆ ಸಿಕ್ಕಾಗುತ್ತದೆ, ಬುಡವನ್ನು ಎಳೆಯುತ್ತದೆ. ಸಲೂನಿನಲ್ಲಿ ದ್ರಾವಣ ಹಾಕಿ ಪಟ್ಟಿ ಬಿಡಿಸಿ, ಹಳೆಯ ಅಂಟು ತೆಗೆದು, ಹೊಸ ಅಂಟು ಹಚ್ಚಿ, ಅದೇ ಕೂದಲನ್ನು ಮೇಲಕ್ಕೆ ಕೂರಿಸುತ್ತಾರೆ. ಅಪಾಯಿಂಟ್‌ಮೆಂಟ್ ಅನ್ನುವುದು ಈ ಕೆಲಸಕ್ಕೆ. ಸಣ್ಣ ಲೋಹದ ಉಂಗುರ ಒತ್ತಿ ಹಾಕುವ ಮೈಕ್ರೋರಿಂಗ್‌ಗೂ, ಬಿಗಿ ಜಡೆ ಹೆಣೆದು ಅದಕ್ಕೆ ಹೊಲಿಯುವ ಪದ್ಧತಿಗೂ ಹೆಚ್ಚುಕಡಿಮೆ ಇದೇ ಅವಧಿ. ಕೆರಾಟಿನ್ ಬಿಸಿ ಮಾಡಿ ಎಳೆ ಎಳೆಯಾಗಿ ಅಂಟಿಸುವುದು ಮೂರು ನಾಲ್ಕು ತಿಂಗಳು ನಿಲ್ಲುತ್ತದೆ, ಆದರೆ ಅದನ್ನು ಮೇಲೆ ಸರಿಸಲಾಗದು, ತೆಗೆದು ಹೊಸದಾಗಿಯೇ ಹಾಕಬೇಕು. ಕ್ಲಿಪ್‌ನದ್ದು ಬೆಳಿಗ್ಗೆ ಸಿಕ್ಕಿಸಿ ರಾತ್ರಿ ತೆಗೆದಿಡುವಂಥದ್ದು. ಅದಕ್ಕೆ ಯಾವ ಅಪಾಯಿಂಟ್‌ಮೆಂಟೂ ಬೇಡ. ನಮ್ಮ ಅಜ್ಜಿಯಂದಿರ ಚೌರಿಯ, ಇಲ್ಲಿನ ಮರಾಠಿಯವರು ಗಂಗಾವನ ಅನ್ನುವುದರ, ಮೊಮ್ಮಗಳು ಅದು.

ಇನ್ನೊಂದು ಲೆಕ್ಕವಿದೆ. ಆರೋಗ್ಯವಾಗಿರುವ ತಲೆಯಿಂದಲೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತದೆ. ಅಂಟಿನೊಳಗೆ ಸಿಕ್ಕಿಕೊಂಡ ಕೂದಲು ಬುಡ ಬಿಟ್ಟರೂ ಕೆಳಗೆ ಬೀಳುವುದಿಲ್ಲ, ಅಲ್ಲೇ ಉಳಿದು ಪಕ್ಕದ ಕೂದಲಿಗೆ ಸುತ್ತಿಕೊಳ್ಳುತ್ತದೆ. ಎಂಟು ವಾರಕ್ಕೆ ತೆಗೆಸಿದಾಗ ಕೈಗೆ ಬರುವ ಗುಡ್ಡೆ ನೋಡಿ ಎದೆ ಒಡೆದುಕೊಳ್ಳಬೇಡಿ, ಅದರಲ್ಲಿ ಬಹುಪಾಲು ಹೇಗೂ ಉದುರಬೇಕಿದ್ದದ್ದೇ. ಆದರೆ ಹದಿನಾಲ್ಕು ವಾರ ಬಿಟ್ಟರೆ ಅದು ಕಂಬಳಿಯ ಹಾಗೆ ಗಂಟು ಬೀಳುತ್ತದೆ. ನಮ್ಮ ಹುಡುಗಿಯ ಕಿವಿಯ ಹಿಂದೆ ಹಾಗೇ ಆಗಿತ್ತು. ದ್ರಾವಣ ಒಳಗೆ ಇಳಿಯಲೇ ಇಲ್ಲ, ಕತ್ತರಿಯೇ ಬೇಕಾಯಿತು.

ಸದಾ ಎಳೆತದಲ್ಲಿರುವ ಬುಡ ಕೊನೆಗೆ ಸೋಲುತ್ತದೆ. ಹಣೆಯ ಅಂಚು, ಕಪೋಲದ ಮೇಲ್ಭಾಗ, ಕಿವಿಯ ಹಿಂದೆ ಕೂದಲು ತೆಳ್ಳಗಾಗುವುದು ಅದರ ಗುರುತು. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯಾ ಎಂದು ಕರೆಯುತ್ತಾರೆ. ಬೇಗ ಗಮನಿಸಿ ಭಾರ ಇಳಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಮುಚ್ಚಿಹೋಗಿ ಮತ್ತೆ ಬರುವುದಿಲ್ಲ. ಹಾಕಿಸಿಕೊಂಡು ಮೂರು ದಿನವಾದರೂ ಒಂದೇ ಕಡೆ ನೋವು, ಸಣ್ಣ ಗುಳ್ಳೆ, ಮಲಗಿದಾಗ ಜಗ್ಗಿದ ಹಾಗೆ ಅನ್ನಿಸಿದರೆ "ಅಭ್ಯಾಸವಾಗುತ್ತೆ" ಅನ್ನುವ ಮಾತು ಕೇಳಬೇಡಿ, ಹೋಗಿ ಸಡಿಲ ಮಾಡಿಸಿ.

ನಮ್ಮ ಮನೆಗಳ ಒಂದೆರಡು ಅಭ್ಯಾಸಗಳು ಇದಕ್ಕೆ ಆಗಿಬರುವುದಿಲ್ಲ. ಒಂದು, ತಲೆಬುಡಕ್ಕೆ ತೆಂಗಿನೆಣ್ಣೆ. ಕರಾವಳಿಯವರಿಗೆ ಇದನ್ನು ಬಿಡಿ ಅನ್ನುವುದು ಕಷ್ಟ, ಆದರೆ ಎಣ್ಣೆ ಟೇಪಿನ ಅಂಟನ್ನು ಕರಗಿಸುತ್ತದೆ. ಹಚ್ಚುವುದಾದರೆ ಕೂದಲಿನ ಕೆಳಗಿನ ಅರ್ಧಕ್ಕೆ ಮಾತ್ರ. ಕಂಡೀಷನರ್ ಕೂಡ ಹಾಗೆಯೇ. ಇನ್ನೊಂದು, ಒದ್ದೆ ತಲೆಗೇ ಸ್ಕಾರ್ಫ್ ಕಟ್ಟುವುದು. ಬೆಳಿಗ್ಗೆ ಮುಂಬ್ರಾದಿಂದಲೋ ಕಲ್ಯಾಣ್‌ನಿಂದಲೋ ಲೋಕಲ್ ಹಿಡಿಯುವವರಿಗೆ ತಲೆ ಒಣಗಿಸಲು ಪುರುಸೊತ್ತು ಎಲ್ಲಿ? ಜೋಡಿಸಿದ ಕೂದಲು ದಪ್ಪ, ಬುಡ ಬೇಗ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಹವೆಯಲ್ಲಿ ಬಟ್ಟೆಯಡಿ ಒದ್ದೆಯಾಗೇ ಇದ್ದರೆ ವಾಸನೆ, ತುರಿಕೆ, ಹೊಟ್ಟು ಎಲ್ಲವೂ ಬರುತ್ತದೆ. ರಾತ್ರಿ ತೊಳೆದು, ತಣ್ಣನೆ ಗಾಳಿಗೆ ಬುಡ ಪೂರ್ತಿ ಒಣಗಿಸಿ, ಸಡಿಲ ಜಡೆ ಹಾಕಿ ಮಲಗಿ. ಸ್ಕಾರ್ಫಿನ ಒಳಗೆ ಹತ್ತಿಯ ಟೋಪಿಗಿಂತ ಸ್ಯಾಟಿನ್‌ನದ್ದು ಮೇಲು, ಉಜ್ಜುವುದು ಕಡಿಮೆ. ಬಾಚುವಾಗ ಒಂದು ಕೈಯಲ್ಲಿ ಬುಡ ಹಿಡಿದುಕೊಂಡು ತುದಿಯಿಂದ ಮೇಲಕ್ಕೆ ಬನ್ನಿ. ಲೋಹದ ಉಂಗುರದ್ದಾದರೆ ಎಂಆರ್‌ಐ ಸ್ಕ್ಯಾನಿಗೆ ಹೋಗುವ ಮುಂಚೆ ತಪ್ಪದೆ ಹೇಳಿ, ತೆಗೆಸಬೇಕಾಗುತ್ತದೆ.

ಸಲೂನಿನ ಆಯ್ಕೆ ಹೇಗೆ? ಮುಂಬ್ರಾ, ಕೌಸಾದಲ್ಲಿ ಹೆಂಗಸರೇ ಇರುವ ಪಾರ್ಲರುಗಳು ಗಲ್ಲಿಗೊಂದಿವೆ, ಆದರೆ ಪಾರ್ಲರ್ ನಡೆಸುವವರೆಲ್ಲ ಈ ಕೆಲಸ ಬಲ್ಲವರಲ್ಲ. ಥಾಣೆಯ ಘೋಡ್‌ಬಂದರ್ ರಸ್ತೆ, ವಾಶಿ, ಖಾರ್‌ಘರ್ ಕಡೆ ಬಲ್ಲವರು ಸಿಗುತ್ತಾರೆ, ಅಲ್ಲಿ ಗಂಡಸರೂ ಕೆಲಸಕ್ಕಿರುತ್ತಾರೆ. ಫೋನಿನಲ್ಲೇ ಕೇಳಿಕೊಳ್ಳಿ: ಹೆಂಗಸೇ ಮಾಡುತ್ತಾರೆಯೇ, ಬಾಗಿಲು ಹಾಕುವ ಕೋಣೆ ಇದೆಯೇ, ಎಂಟು ವಾರದ ಬಳಿಕ ಮೇಲೆ ಸರಿಸಲು ಎಷ್ಟು, ತೆಗೆಯಲು ಎಷ್ಟು. ಕೊನೆಯ ಎರಡಕ್ಕೆ ಸರಿಯಾಗಿ ಉತ್ತರ ಕೊಡದವರ ಹತ್ತಿರ ಹೋಗಬೇಡಿ. ಕಲ್ಯಾಣ್‌ನಿಂದ ವಾಶಿಗೆ ಥಾಣೆಯಲ್ಲಿ ರೈಲು ಬದಲಿಸಿ ಹೋಗಿ ಬರುವುದೆಂದರೆ ಅರ್ಧ ದಿನ. ಎಂಟು ವಾರಕ್ಕೊಮ್ಮೆ ಅರ್ಧ ದಿನ ನಿಮ್ಮ ಬಳಿ ಇದೆಯೇ ಅನ್ನುವುದನ್ನೂ ಬೆಲೆಗೆ ಸೇರಿಸಿ.

ಇನ್ನು ನಮ್ಮ ಹುಡುಗಿ ಕೇಳಿದ ಪ್ರಶ್ನೆ. ವುಝೂ ಅಷ್ಟು ಕಷ್ಟದ್ದಲ್ಲ. ತಲೆ ಸವರುವಾಗ ಕೈ ತಾಗಬೇಕಾದ್ದು ನಿಮ್ಮ ಸ್ವಂತ ಕೂದಲಿಗೆ ಅಥವಾ ತಲೆಚರ್ಮಕ್ಕೆ. ಶಾಫಿ ಮದ್‌ಹಬ್‌ನಲ್ಲಿ ತಲೆಯ ಸ್ವಲ್ಪ ಭಾಗ ಸವರಿದರೂ ಸಾಕು, ಹನಫಿಯಲ್ಲಿ ಕಾಲು ಭಾಗ ಬೇಕು. ಮುಂದಲೆಯ ಅಂಚಿನಲ್ಲಿ ಸಾಮಾನ್ಯವಾಗಿ ಪಟ್ಟಿ ಹಾಕುವುದಿಲ್ಲ, ಹಾಗಾಗಿ ಅಲ್ಲಿ ಸ್ವಂತ ಕೂದಲು ಸಿಗುತ್ತದೆ. ಜೋಡಿಸಿದ ಕೂದಲ ಮೇಲೆ ಕೈಯಾಡಿಸಿದರೆ ಅದು ಲೆಕ್ಕಕ್ಕಿಲ್ಲ.

ಕಷ್ಟ ಇರುವುದು ಕಡ್ಡಾಯ ಸ್ನಾನದಲ್ಲಿ. ಜನಾಬತ್ ಆದಾಗ, ಮುಟ್ಟು ನಿಂತಾಗ, ಬಾಣಂತಿತನ ಮುಗಿದಾಗ ನೀರು ತಲೆಯ ಚರ್ಮಕ್ಕೆ ಮುಟ್ಟಬೇಕು. ಶಾಫಿಯಲ್ಲಿ ಕೂದಲಿನ ಒಳಗೂ ಹೊರಗೂ ಮುಟ್ಟಬೇಕು, ಜಡೆ ಬಿಚ್ಚದೆ ಮುಟ್ಟದಿದ್ದರೆ ಬಿಚ್ಚಬೇಕು. ಹನಫಿಯಲ್ಲಿ ಜಡೆ ಹಾಕಿದ ಹೆಂಗಸಿಗೆ ಬುಡ ನೆನೆದರೆ ಸಾಕೆಂಬ ರಿಯಾಯಿತಿ ಇದೆ. ಉಗುರಿನ ಬಣ್ಣದ ವಿಷಯ ನೀವು ಮದ್ರಸದಲ್ಲೇ ಕೇಳಿದ್ದೀರಿ. ಟೇಪು, ಕೆರಾಟಿನ್ ಅಂಟೂ ಹಾಗೆಯೇ: ಅದರೊಳಗೆ ಸಿಕ್ಕಿದ ನಿಮ್ಮ ಕೂದಲಿಗೆ ನೀರು ಇಳಿಯುವುದಿಲ್ಲ. ಅದರ ಮೇಲೆ, ಹಾಕಿಸಿಕೊಂಡ ಮೊದಲ ನಲವತ್ತೆಂಟು ಗಂಟೆ ತಲೆ ತೊಳೆಯಬೇಡಿ ಎಂದು ಸಲೂನಿನವರು ಹೇಳುತ್ತಾರೆ. ಮದುವೆಯ ಹಿಂದಿನ ದಿನ ಹಾಕಿಸಿಕೊಂಡ ಮದುಮಗಳು ಏನು ಮಾಡಬೇಕು? ಈ ಪ್ರಶ್ನೆ ನಾಚಿಕೆಯದ್ದೆಂದು ಯಾರೂ ಕೇಳುವುದಿಲ್ಲ. ಕೇಳದೆ ಹೋದರೆ ತಿಂಗಳುಗಟ್ಟಲೆ ನಮಾಝಿನ ವಿಷಯದಲ್ಲಿ ಅನುಮಾನ ಇಟ್ಟುಕೊಂಡು ಬದುಕಬೇಕು. ಆ ಹುಡುಗಿ ಹಾಗೇ ಬದುಕಿದಳು.

ಜೋಡಿಸುವುದೇ ಸರಿಯೇ ಅನ್ನುವುದು ಇದಕ್ಕಿಂತ ಮೊದಲಿನ ಪ್ರಶ್ನೆ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಬರುವ ಒಂದು ಘಟನೆ ಓದಿದರೆ ಇದು ನಿನ್ನೆ ಮೊನ್ನೆಯ ಸಂಗತಿ ಅನ್ನಿಸುತ್ತದೆ. ಕಾಯಿಲೆಯಿಂದ ಕೂದಲು ಉದುರಿದ ಮದುವೆಯ ಹುಡುಗಿಯ ಬಗ್ಗೆ, ಕೂದಲು ಜೋಡಿಸಬಹುದೇ ಎಂದು ಮನೆಯವರು ಪ್ರವಾದಿಯವರಲ್ಲಿ (ಸ) ಕೇಳಿದರು. ಜೋಡಿಸುವವಳ ಮೇಲೂ ಜೋಡಿಸಿಕೊಳ್ಳುವವಳ ಮೇಲೂ ಶಾಪವಿದೆ ಎಂಬ ಉತ್ತರ ಬಂತು. ಮುಆವಿಯಾ (ರ) ಮದೀನಾದ ಮಿಂಬರಿನಲ್ಲಿ ಒಂದು ಹಿಡಿ ಕೂದಲು ಹಿಡಿದು ಇದರ ಬಗ್ಗೆ ಜನರನ್ನು ಎಚ್ಚರಿಸಿದ್ದೂ ಅವೇ ಗ್ರಂಥಗಳಲ್ಲಿದೆ. ಮನುಷ್ಯರ ಕೂದಲು ಜೋಡಿಸುವುದನ್ನು ಶಾಫಿ, ಹನಫಿ ಎರಡೂ ಕಡೆ ನಿಷಿದ್ಧವೆಂದೇ ಹೇಳಿದ್ದಾರೆ. ಮನುಷ್ಯ ದೇಹಕ್ಕಿರುವ ಗೌರವ ಅದಕ್ಕೆ ಕೊಟ್ಟ ಒಂದು ಕಾರಣ. ಮನುಷ್ಯರದ್ದಲ್ಲದ ಶುದ್ಧ ವಸ್ತುವಿನದ್ದಾದರೆ ಹನಫಿಗಳಲ್ಲಿ ಅವಕಾಶವಿದೆ. ಶಾಫಿಯಲ್ಲಿ ಇಮಾಮ್ ನವವಿ ವಿವರಿಸಿರುವ ಪ್ರಕಾರ ಮದುವೆಯಾದವಳಿಗೆ, ಗಂಡನ ಒಪ್ಪಿಗೆ ಇದ್ದರೆ ಮಾತ್ರ. ಮಾಲಿಕಿಗಳು ಇನ್ನೂ ಬಿಗಿ. ಕೂದಲಿನಂತೆ ಕಾಣದ ಬಣ್ಣದ ರೇಷ್ಮೆ ದಾರ, ಕುಚ್ಚು ಕಟ್ಟಿಕೊಳ್ಳುವುದು ಇದರೊಳಗೆ ಬರುವುದಿಲ್ಲ. ನಿಮ್ಮ ಸಂಗತಿ ಬೇರೆಯಿದ್ದರೆ ನನ್ನ ಲೇಖನ ತೋರಿಸಬೇಡಿ, ನಿಮ್ಮ ಉಸ್ತಾದರನ್ನು ನೇರ ಕೇಳಿ.

ಆ ಮನುಷ್ಯರ ಕೂದಲು ಬರುವುದಾದರೂ ಎಲ್ಲಿಂದ? ಒಂದು ಭಾಗ ತಿರುಮಲದಲ್ಲಿ ಮುಡಿ ಕೊಟ್ಟ ಕೂದಲು, ದೇವಸ್ಥಾನ ಅದನ್ನು ಹರಾಜು ಹಾಕುತ್ತದೆ. ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಇರುವುದರಿಂದ ಅದು ಸಿಕ್ಕಾಗುವುದು ಕಡಿಮೆ, ರೆಮಿ ಎಂಬ ಹೆಸರಲ್ಲಿ ಹೆಚ್ಚು ಬೆಲೆಗೆ ಹೋಗುತ್ತದೆ. ಇನ್ನೊಂದು ಭಾಗ ನಮ್ಮ ಬಾಚಣಿಗೆಯದ್ದೇ. ಕೂದಲು ಕೊಟ್ಟರೆ ಪಿನ್ನು, ಸ್ಟೀಲು ಪಾತ್ರೆ ಎಂದು ಕೂಗುತ್ತ ಬರುವ ಹೆಂಗಸರನ್ನು ನೀವೂ ನೋಡಿದ್ದೀರಿ. ಅಂಥ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಊರಿಗೆ ಹೋಗುತ್ತದೆ. ಅಲ್ಲಿ ಹೆಂಗಸರು ದಿನವಿಡೀ ಕೂತು ಗಂಟು ಬಿಡಿಸಿ, ಉದ್ದಕ್ಕೆ ತಕ್ಕ ಹಾಗೆ ವಿಂಗಡಿಸುತ್ತಾರೆ. ಬಂಗಾಳದ ಮುರ್ಶಿದಾಬಾದ್‌ನಲ್ಲಿ ನಮ್ಮವರೇ ಈ ಕೆಲಸದಲ್ಲಿದ್ದಾರೆ. ಉದುರಿದ ಕೂದಲನ್ನು ಮಣ್ಣಲ್ಲಿ ಹೂಳಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದೇ ಅಜ್ಜಿ ಒಮ್ಮೆ ಕೂದಲು ಕೊಟ್ಟು ತೆಗೆದುಕೊಂಡ ಸಣ್ಣ ಲೋಟ ನಮ್ಮ ಮನೆಯಲ್ಲಿ ಇನ್ನೂ ಇದೆ!

ಕೂದಲು ಉದುರುತ್ತಿರುವಾಗ ಸಲೂನಿಗೆ ಓಡುವ ಮೊದಲು ಹೋಗಬೇಕಾದ್ದು ವೈದ್ಯರ ಹತ್ತಿರ. ಡೆಂಗಿ, ಟೈಫಾಯ್ಡ್, ಕೊರೊನಾ ಮುಂತಾದ ಜ್ವರಗಳಾಗಿ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಕೆಲವು ತಿಂಗಳಿಗೆ ಹೀಗೆ ರಾಶಿ ಉದುರುವುದುಂಟು. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಕಬ್ಬಿಣಾಂಶ, ಥೈರಾಯ್ಡ್ ಒಮ್ಮೆ ನೋಡಿಸಬೇಕು, ಪಿಸಿಒಡಿ ಇದ್ದರೆ ಅದರ ಚಿಕಿತ್ಸೆ ಬೇರೆ. ಮುಂಬ್ರಾದವರಿಗೆ ಪಕ್ಕದ ಕಳ್ವಾದಲ್ಲೇ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಇದೆ, ಖಾಸಗಿಯವರ ಫೀಸು ಕೊಡಲಾಗದವರು ಅಲ್ಲಿ ತೋರಿಸಬಹುದು. ಇನ್ನು ಪೂರ್ತಿ ಹೋದ ಕೂದಲಿಗೆ ತನ್ನದೇ ಕೂದಲನ್ನು ನೆಡುವ ಚಿಕಿತ್ಸೆ ಇದೆಯಲ್ಲ, ಅದು ಜೋಡಿಸುವುದಲ್ಲ. ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ, ಉದುರಿದ ಕೂದಲಿಗೆ ಇಂಥ ಚಿಕಿತ್ಸೆಯನ್ನು, ವಿಶೇಷವಾಗಿ ಹೆಂಗಸರಿಗೆ, ಒಪ್ಪಿದೆ.

ಈಗಾಗಲೇ ಹಾಕಿಸಿಕೊಂಡವರು ಈ ಲೇಖನ ಓದಿ ಸಿಟ್ಟಿನಲ್ಲಿ ಮನೆಯಲ್ಲೇ ಕಿತ್ತುಹಾಕಬೇಡಿ. ಕಿತ್ತರೆ ಸ್ವಂತ ಕೂದಲೂ ಬುಡಸಮೇತ ಬರುತ್ತದೆ. ತೆಗೆಸುವುದಕ್ಕೆಂದೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ದ್ರಾವಣ ಹಾಕಿಸಿ, ಒಂದೊಂದೇ ಪಟ್ಟಿ ಬಿಡಿಸಿಕೊಂಡು, ಅಂಟಿನ ಚೂರು ಉಳಿಯದ ಹಾಗೆ ಎರಡು ಸಲ ತೊಳೆಸಿ ಬನ್ನಿ.

ನಮ್ಮ ಹುಡುಗಿಯ ತಲೆಯಿಂದ ಆ ಗಂಟನ್ನು ಕತ್ತರಿಸಿ ತೆಗೆದ ದಿನ ನಾನೂ ಜೊತೆಗಿದ್ದೆ. ಮೂರು ಗಂಟೆ ಹಿಡಿಯಿತು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕುತ್ತಿಗೆಯವರೆಗೂ ಇಲ್ಲದ ಕೂದಲಿನಲ್ಲಿ ಹೊರಗೆ ಬರಲು ಅವಳು ಹೆದರಿದ್ದಳು. ಮನೆಗೆ ಹೋದ ಮೇಲೆ ಸ್ಕಾರ್ಫ್ ತೆಗೆದಾಗ ಅವನು ನೋಡಿ, "ಇಷ್ಟು ದಿನ ಯಾಕೆ ಸುಮ್ಮನೆ ಕಷ್ಟಪಟ್ಟೆ ಮಾರಾಯ್ತಿ?" ಅಂದನಂತೆ. ಆವತ್ತು ಸ್ನಾನ ಮಾಡಿ ಅಸರ್ ನಮಾಝ್ ಮುಗಿಸಿ ಅವಳೇ ಫೋನ್ ಮಾಡಿ ಹೇಳಿದಳು. ಈಗ ಕೂದಲು ಭುಜಕ್ಕೆ ಬಂದಿದೆ.