ಕಂಪ್ಯೂಟರಿಗೆ ಕಾಣದ ಕ್ಯಾಮೆರಾ

ಸ್ಮರಣ ಸಂಚಿಕೆಗೆ ಹಳೆಯ ಚಿತ್ರಗಳನ್ನು ಕಳುಹಿಸಿರೆಂದು ಕೋರಿದಾಗ, ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿಗಳ ಕಡೆಯ ಹಳೆಯ ವಿದ್ಯಾರ್ಥಿನಿಯರಿಂದ ಬರುವ ಉತ್ತರವು ಅನೇಕ ವೇಳೆ ಒಂದೇ ತೆರನಾಗಿರುತ್ತದೆ: ಚಿತ್ರಗಳೇನೋ ಕ್ಯಾಮೆರಾದಲ್ಲಿವೆ, ಆದರೆ ಕಂಪ್ಯೂಟರು ಅದನ್ನು ಗುರುತಿಸುವುದೇ ಇಲ್ಲ. ಹೀಗೆ ಪೆಟ್ಟಿಗೆಯ ತಳದಲ್ಲಿ ಉಳಿದ ಕ್ಯಾಮೆರಾಗಳಲ್ಲಿ ಶಾಲೆಯ ಬೀಳ್ಕೊಡುಗೆಯ ಗುಂಪುಚಿತ್ರವುಂಟು, ಈಗ ಇಹಲೋಕದಲ್ಲಿಲ್ಲದ ಅಜ್ಜಿಯ ಮುಖವುಂಟು, ತೊಗರ್ಸಿಯ ಶಾಸನಗಳ ಚಿತ್ರವೂ ಇದ್ದೀತು. ಶಿಕಾರಿಪುರ ತಾಲೂಕಿನ ಶಾಸನಗಳನ್ನು ರೈಸ್ ಸಾಹೇಬರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿರುವುದರಿಂದ ಅವುಗಳ ಪಾಠವಾದರೂ ಪುಸ್ತಕದಲ್ಲಿ ದೊರೆಯುತ್ತದೆ. ಅಜ್ಜಿಯ ಮುಖಕ್ಕೆ ಅಂತಹ ಎರಡನೆಯ ಪ್ರತಿ ಎಲ್ಲಿಯೂ ಇಲ್ಲ. ಆದಕಾರಣ ಈ ವಿಷಯವನ್ನು ತುಸು ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರಿತು.

ಮೊತ್ತಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಕಂಪ್ಯೂಟರು ಕ್ಯಾಮೆರಾವನ್ನು ಕಾಣದಿರುವುದೂ ಚಿತ್ರಗಳು ನಾಶವಾಗಿರುವುದೂ ಬೇರೆ ಬೇರೆ. ಚಿತ್ರಗಳಿರುವುದು ಸಾಮಾನ್ಯವಾಗಿ ಕ್ಯಾಮೆರಾದೊಳಗಿನ ಉಗುರಗಲದ ಮೆಮೊರಿ ಕಾರ್ಡಿನಲ್ಲಿ. ಕೆಟ್ಟಿರುವುದು ಬಹುಶಃ ದಾರಿ, ಊರಲ್ಲ. ಈ ಭೇದವನ್ನರಿಯದವರು, ಕಾರ್ಡನ್ನು ‘ಫಾರ್ಮ್ಯಾಟ್’ ಮಾಡಬೇಕೇ ಎಂದು ಕಂಪ್ಯೂಟರು ಕೇಳಿದೊಡನೆ ಹೌದೆಂದು ಗುಂಡಿಯನ್ನು ಒತ್ತಿಬಿಡುತ್ತಾರೆ. ಹಾಗೆ ಎಂದಿಗೂ ಮಾಡಕೂಡದು. ಫಾರ್ಮ್ಯಾಟ್ ಎಂದರೆ ಕಾರ್ಡಿನ ವಿಷಯಸೂಚಿಯನ್ನು ಅಳಿಸಿ ಹೊಸದಾಗಿ ಬರೆಯುವುದು. ಯಾರಾದರೂ ಈಗಾಗಲೇ ಒತ್ತಿಬಿಟ್ಟಿದ್ದರೆ, ಆ ಕಾರ್ಡಿನಲ್ಲಿ ಹೊಸ ಚಿತ್ರವೊಂದನ್ನೂ ತೆಗೆಯದೆ ಎತ್ತಿಡಬೇಕು. ಸೂಚಿ ಹೋದರೂ ಪುಟಗಳು ಅನೇಕ ವೇಳೆ ಉಳಿದಿರುತ್ತವೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಅವನ್ನು ಹೊರತೆಗೆಯಲು ಸಾಧ್ಯವಾಗುವುದುಂಟು. ಹೊಸ ಚಿತ್ರವು ಹಳೆಯದರ ಮೇಲೆ ಕುಳಿತರೆ ಮಾತ್ರ ಅದು ಮರಳಿ ಬಾರದು.

ಇನ್ನು ದಾರಿಯನ್ನು ಪರೀಕ್ಷಿಸೋಣ. ೧೯೯೬ರಲ್ಲಿ ಬಳಕೆಗೆ ಬಂದ ಯು.ಎಸ್.ಬಿ. ಕೇಬಲ್ಲಿನ ಮೂಲರೂಪದಲ್ಲಿ ನಾಲ್ಕು ತಂತಿಗಳಿವೆ. ಎರಡು ವಿದ್ಯುತ್ತನ್ನು ಒಯ್ಯುತ್ತವೆ; ಉಳಿದೆರಡು ಸಮಾಚಾರವನ್ನು ಒಯ್ಯುತ್ತವೆ. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ಕೆಲವು ಕೇಬಲ್ಲುಗಳಲ್ಲಿ ಚಾರ್ಜು ಮಾಡುವ ಎರಡು ತಂತಿಗಳು ಮಾತ್ರ ಇರುತ್ತವೆ. ತುದಿಯು ಸರಿಯಾಗಿ ಕೂಡುತ್ತದೆ, ಆದರೆ ಒಂದು ಮಾತೂ ದಾಟುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬೇರೇನನ್ನೂ ಮುಟ್ಟುವ ಮುನ್ನ ಕೇಬಲ್ಲನ್ನು ಬದಲಿಸಿ ನೋಡುವುದೇ ಬುದ್ಧಿವಂತಿಕೆ. ಅಂತೆಯೇ, ಹಲವು ಸಲಕರಣೆಗಳನ್ನು ಸಿಕ್ಕಿಸುವ ಹಬ್ಬನ್ನು ಬಿಟ್ಟು, ಕಂಪ್ಯೂಟರಿನದೇ ಆದ ಬೇರೊಂದು ರಂಧ್ರಕ್ಕೆ ಜೋಡಿಸತಕ್ಕದ್ದು.

ಬಳಿಕ ಕ್ಯಾಮೆರಾದ ಕಡೆ. ಅದು ಚಾಲನೆಯಲ್ಲಿರಬೇಕು, ಕೆಲವು ಕ್ಯಾಮೆರಾಗಳನ್ನು ಚಿತ್ರ ನೋಡುವ ಸ್ಥಿತಿಯಲ್ಲಿಯೂ ಇಡಬೇಕಾಗುತ್ತದೆ. ಹಳೆಯ ಕ್ಯಾಮೆರಾಗಳು ಬಹುಮಟ್ಟಿಗೆ ತಮ್ಮದೇ ಬ್ಯಾಟರಿಯಿಂದ ನಡೆಯುವುದರಿಂದ, ಬಲಗುಂದಿದ ಸೆಲ್ಲುಗಳಿದ್ದರೆ ಅರ್ಧದಾರಿಯಲ್ಲಿ ಕಣ್ಣು ಮುಚ್ಚುತ್ತವೆ. ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತೇವವೂ ಒಂದು ಶತ್ರು. ವರ್ಷಗಟ್ಟಲೆ ಮುಚ್ಚಿಟ್ಟ ಕ್ಯಾಮೆರಾದಲ್ಲಿ ಸೆಲ್ಲುಗಳು ಸೋರಿ ಬಿಳಿಯ ಉಪ್ಪು ಕಟ್ಟಿರುವುದನ್ನೂ, ಲೋಹದ ತುದಿಗಳು ಮಾಸಿರುವುದನ್ನೂ ಕಾಣಬಹುದು. ಸೆಲ್ಲುಗಳನ್ನು ತೆಗೆದು, ಒಣಗಿದ ಹತ್ತಿಬಟ್ಟೆಯಿಂದ ಆ ತುದಿಗಳನ್ನು ಹಗುರವಾಗಿ ಒರೆಸಿ, ಹೊಸ ಸೆಲ್ಲುಗಳನ್ನು ಹಾಕಿರಿ. ಆ ಬಿಳಿಯ ಉಪ್ಪನ್ನು ಬರಿಗೈಯಲ್ಲಿ ಮುಟ್ಟಬೇಡಿರಿ, ಮಕ್ಕಳಿಗೂ ಮುಟ್ಟಗೊಡಬೇಡಿರಿ.

ಇದಾದ ಮೇಲೂ ಕಾಣದಿದ್ದರೆ, ನಾವು ತಪ್ಪು ಸ್ಥಳದಲ್ಲಿ ಹುಡುಕುತ್ತಿರಬಹುದು. ಕ್ಯಾಮೆರಾವು ಕಂಪ್ಯೂಟರಿನೊಡನೆ ಮಾತಾಡುವ ರೀತಿಗಳು ಎರಡು. ‘ಮಾಸ್ ಸ್ಟೋರೇಜ್’ ಎಂಬ ರೀತಿಯಲ್ಲಿ ಅದು ಒಂದು ಡಿಸ್ಕಿನಂತೆ ತನ್ನದೇ ಅಕ್ಷರದೊಡನೆ ತೋರುತ್ತದೆ. ‘ಪಿ.ಟಿ.ಪಿ.’ ಎಂಬ ರೀತಿಯಲ್ಲಿ ಕ್ಯಾಮೆರಾ ಎಂದೇ ತೋರುತ್ತದೆ, ಡಿಸ್ಕಿನ ಅಕ್ಷರವಿರುವುದಿಲ್ಲ. ಅಕ್ಷರವನ್ನೇ ಹುಡುಕುವವರು ಎದುರಿಗಿದ್ದ ಕ್ಯಾಮೆರಾವನ್ನು ಕಾಣದೆ ಹೋಗುತ್ತಾರೆ. ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ ಯು.ಎಸ್.ಬಿ. ಎಂಬಲ್ಲಿ ಈ ರೀತಿಯನ್ನು ಬದಲಿಸಬಹುದು. ಒಂದು ನಡೆಯದಿದ್ದರೆ ಇನ್ನೊಂದನ್ನು ಪ್ರಯತ್ನಿಸಬೇಕು. ೨೦೦೧ರ ವಿಂಡೋಸ್ ಎಕ್ಸ್.ಪಿ.ಯಿಂದೀಚೆಗೆ ಪಿ.ಟಿ.ಪಿ.ಯನ್ನು ಕಂಪ್ಯೂಟರು ತಾನಾಗಿಯೇ ಬಲ್ಲುದಾದ್ದರಿಂದ, ಕ್ಯಾಮೆರಾದೊಡನೆ ಬಂದ ಹಳೆಯ ಸಿ.ಡಿ.ಗಾಗಿ ಮನೆಯನ್ನೆಲ್ಲ ತಡಕುವ ಅಗತ್ಯ ಅಪರೂಪ. ಡಿವೈಸ್ ಮ್ಯಾನೇಜರಿನಲ್ಲಿ ಕ್ಯಾಮೆರಾದ ಹೆಸರಿನ ಬಳಿ ಹಳದಿಯ ಗುರುತು ಕಂಡರೆ, ಅಲ್ಲಿಂದ ಅದನ್ನು ತೆಗೆದುಹಾಕಿ, ಕೇಬಲ್ಲನ್ನು ಬಿಚ್ಚಿ, ಕಂಪ್ಯೂಟರನ್ನು ಪುನಃ ಆರಂಭಿಸಿ ಮತ್ತೆ ಜೋಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮೊಬೈಲನ್ನೇ ಕ್ಯಾಮೆರಾವಾಗಿ ಬಳಸುವವರು ಅದರ ಬೀಗವನ್ನು ತೆರೆದು, ಆಂಡ್ರಾಯ್ಡ್ ಆಗಿದ್ದರೆ ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸಿದರೆ ಸಾಕು.

ಇಷ್ಟೆಲ್ಲ ತೊಂದರೆ ಏಕೆಂದು ಕೇಳುವವರಿಗೆ ಕಾರ್ಡ್ ರೀಡರೆಂಬ ಸುಲಭೋಪಾಯವುಂಟು. ಕ್ಯಾಮೆರಾವನ್ನು ಆರಿಸಿ, ಕಾರ್ಡನ್ನು ಹೊರತೆಗೆದು, ರೀಡರಿನಲ್ಲಿಟ್ಟು ಕಂಪ್ಯೂಟರಿಗೆ ಜೋಡಿಸುವುದಷ್ಟೇ. ಆದರೆ ಇಲ್ಲಿಯೂ ಎರಡು ತೊಡಕುಗಳಿವೆ. ೨೦೦೬ರಲ್ಲಿ ಬಂದ ಎಸ್.ಡಿ.ಎಚ್.ಸಿ. ಕಾರ್ಡುಗಳನ್ನು ಅದಕ್ಕಿಂತ ಹಳೆಯ ರೀಡರುಗಳು ಓದಲಾರವು. ಅಂತಹ ಸಂದರ್ಭದಲ್ಲಿ ದೋಷವು ಕಾರ್ಡಿನದಲ್ಲ. ಮತ್ತೆ, ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕಂಪೆನಿಗಳು ೨೦೦೨ರಲ್ಲಿ ಹೊರತಂದ ಎಕ್ಸ್.ಡಿ. ಕಾರ್ಡಿಗೆ ಹೊಂದುವ ರೀಡರು ಈಗ ಸುಲಭವಾಗಿ ದೊರೆಯದು. ಅಂತಹ ಕ್ಯಾಮೆರಾವುಳ್ಳವರು ಅದರೊಡನೆ ಬಂದ ಕೇಬಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮನೆ ಗುಡಿಸುವಾಗ ಮೊದಲು ಎಸೆಯಲ್ಪಡುವ ವಸ್ತುವು ಅದೇ ಆಗಿರುವುದು ವಿಷಾದಕರ.

ಕಾರ್ಡು ತೆರೆದ ಮೇಲೆ ‘ಡಿಸಿಐಎಂ’ ಎಂಬ ಫೋಲ್ಡರಿನಲ್ಲಿ ಚಿತ್ರಗಳಿರುತ್ತವೆ. ಅವುಗಳನ್ನು ಪ್ರತಿಮಾಡಿಕೊಳ್ಳಿರಿ, ಸ್ಥಳಾಂತರಿಸಬೇಡಿರಿ. ಎರಡೂ ಕಡೆಯ ಸಂಖ್ಯೆಯನ್ನು ಹೋಲಿಸಿ, ಕೆಲವನ್ನು ತೆರೆದು ನೋಡುವ ತನಕ ಕಾರ್ಡಿನಲ್ಲಿ ಯಾವುದನ್ನೂ ಅಳಿಸಬೇಡಿರಿ. ಇನ್ನೊಂದು ಮಾತು: ಬಹುಕಾಲ ಬ್ಯಾಟರಿಯಿಲ್ಲದೆ ಬಿದ್ದಿದ್ದ ಕ್ಯಾಮೆರಾವು ತನ್ನ ಗಡಿಯಾರವನ್ನು ಮರೆತಿರುತ್ತದೆ. ದಿನಾಂಕವನ್ನು ಸರಿಪಡಿಸದೆ ತೆಗೆದ ಚಿತ್ರಗಳಲ್ಲಿ ಯಾವುದೋ ವರ್ಷದ ಜನವರಿ ೧ ಎಂದು ದಾಖಲಾಗಿರುತ್ತದೆ. ಆದ್ದರಿಂದ ಶಾಲೆಗೆ ಚಿತ್ರಗಳನ್ನು ಕಳುಹಿಸುವವರು ಕಂಪ್ಯೂಟರು ತೋರಿಸುವ ದಿನಾಂಕವನ್ನು ನೆಚ್ಚದೆ, ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು, ಅವರು ಯಾವ ವರ್ಷ ಯಾವ ತರಗತಿಯಲ್ಲಿದ್ದರೆಂಬುದನ್ನು ಜೊತೆಗೆ ತಿಳಿಸಬೇಕಾಗಿ ವಿನಂತಿ.