ರೋಗಪೀಡಿತ ಅಲಂಕಾರಿಕ ಮೀನುಗಳ ಚಿಕಿತ್ಸೆಯ ನಂತರ ಅಕ್ವೇರಿಯಂ ನೀರಿನ ಶುದ್ಧೀಕರಣ

ಮನೆಗಳಲ್ಲಿಯೂ ಮಾರಾಟ ಮಳಿಗೆಗಳಲ್ಲಿಯೂ ಅಲಂಕಾರಿಕ ಮೀನುಗಳಿಗೆ ಔಷಧೋಪಚಾರ ಮಾಡಿದ ನಂತರ ರೋಗವು ವಾಸಿಯಾದರೂ ಒಂದೆರಡು ವಾರಗಳಲ್ಲಿ ಮೀನುಗಳು ಸಾಯುವ ಸಂದರ್ಭಗಳುಂಟು. ಇಂತಹ ಸಂದರ್ಭಗಳಲ್ಲಿ ಔಷಧವು ಕೆಲಸ ಮಾಡಲಿಲ್ಲವೆಂದು ಭಾವಿಸಿ ಮತ್ತಷ್ಟು ಔಷಧ ಹಾಕುವುದು ವಾಡಿಕೆಯಾಗಿದೆ. ವಾಸ್ತವವಾಗಿ ಅನೇಕ ವೇಳೆ ಸಾವಿಗೆ ಕಾರಣವಾಗುವುದು ರೋಗವಲ್ಲ, ಚಿಕಿತ್ಸೆಯ ನಂತರ ತೊಟ್ಟಿಯಲ್ಲಿ ಉಳಿದ ನೀರು. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಚಿಕಿತ್ಸೆ ಮುಗಿಯಿತೆಂದು ನಿರ್ಧರಿಸುವುದು

ಸಾಮಾನ್ಯವಾಗಿ ಕಂಡುಬರುವ ಬಿಳಿ ಚುಕ್ಕೆ ರೋಗದಲ್ಲಿ ಮೀನಿನ ಮೈಮೇಲಿನ ಚುಕ್ಕೆಗಳು ಮಾಯವಾದ ಕೂಡಲೇ ನೀರನ್ನು ಬದಲಾಯಿಸಬಾರದು. ಚುಕ್ಕೆಯಿಂದ ಬೇರ್ಪಟ್ಟ ಪರಾವಲಂಬಿ ಜೀವಿಯು ತೊಟ್ಟಿಯ ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ನೀರಿನಲ್ಲಿ ಈಜಾಡುವ ಈ ಮರಿಗಳನ್ನು ಮಾತ್ರ ಔಷಧವು ಕೊಲ್ಲಬಲ್ಲದು. ಆದುದರಿಂದ ಔಷಧದ ಚೀಟಿಯಲ್ಲಿ ನಮೂದಿಸಿದ ಅವಧಿಯನ್ನು ಪೂರ್ಣಗೊಳಿಸಿದ ನಂತರವೇ ಶುದ್ಧೀಕರಣಕ್ಕೆ ತೊಡಗತಕ್ಕದ್ದು.

ನೀರಿನ ಬದಲಾವಣೆ

ಎಲ್ಲ ನೀರನ್ನು ಒಮ್ಮೆಗೇ ಚೆಲ್ಲಿ ಹೊಸ ನೀರು ತುಂಬುವುದು ಸರಿಯಲ್ಲ. ಆಗಷ್ಟೇ ಚೇತರಿಸಿಕೊಂಡ ಮೀನು ಈ ಆಘಾತವನ್ನು ತಾಳಲಾರದು. ಪ್ರತಿ ಬಾರಿ ನಾಲ್ಕನೇ ಒಂದು ಭಾಗದಂತೆ ದಿನ ಬಿಟ್ಟು ದಿನ ಬದಲಾಯಿಸುವುದು ಸೂಕ್ತ. ಇಲ್ಲಿ ಒಂದು ಲೆಕ್ಕವನ್ನು ಗಮನಿಸತಕ್ಕದ್ದು. ನಾಲ್ಕು ಬಾರಿ ಶೇ. 25 ರಂತೆ ಬದಲಾಯಿಸಿದರೆ ಔಷಧ ಪೂರ್ಣವಾಗಿ ಹೋಯಿತೆಂದು ತಿಳಿಯುವುದು ತಪ್ಪು. ಉಳಿದ ಮೌಲ್ಯದ ಮೇಲೆ ಸವಕಳಿ ಲೆಕ್ಕ ಹಾಕುವ ರೀತಿಯಲ್ಲಿಯೇ ಮೊದಲ ಬಾರಿಗೆ 75, ನಂತರ ಸುಮಾರು 56, 42, ಕೊನೆಗೆ 32 ಭಾಗ ಉಳಿಯುತ್ತದೆ. ಅಂದರೆ ನಾಲ್ಕು ಬದಲಾವಣೆಗಳ ನಂತರವೂ ಮೂರನೇ ಒಂದು ಭಾಗದಷ್ಟು ಔಷಧ ತೊಟ್ಟಿಯಲ್ಲಿಯೇ ಇರಬಹುದು.

ಹೊಸದಾಗಿ ಹಾಕುವ ನೀರು ತೊಟ್ಟಿಯ ನೀರಿನಷ್ಟೇ ಉಷ್ಣತೆ ಹೊಂದಿರಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲವಾದ ಪಾತ್ರೆಯಲ್ಲಿ ಒಂದು ದಿನ ಗಾಳಿಯಾಡಲು ಬಿಟ್ಟು ಅಥವಾ ಸೋಡಿಯಂ ಥಯೋಸಲ್ಫೇಟ್ ಹಾಕಿ ಬಳಸತಕ್ಕದ್ದು.

ಸಕ್ರಿಯ ಇಂಗಾಲದ ಬಳಕೆ

ಮಿಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್ ಮುಂತಾದ ಬಣ್ಣದ ಔಷಧಗಳನ್ನೂ ಹಲವು ಪ್ರತಿಜೈವಿಕಗಳನ್ನೂ ಸಕ್ರಿಯ ಇಂಗಾಲವು ಹೀರಿಕೊಳ್ಳುತ್ತದೆ. ಇದೇ ಕಾರಣದಿಂದ ಚಿಕಿತ್ಸೆಯ ಅವಧಿಯಲ್ಲಿ ಇದು ಫಿಲ್ಟರ್‌ನಲ್ಲಿ ಇರಕೂಡದು. ಇದ್ದಲ್ಲಿ ಹಾಕಿದ ಔಷಧವೆಲ್ಲ ವ್ಯರ್ಥ. ಚಿಕಿತ್ಸೆಯ ನಂತರ ಹೊಸ ಇಂಗಾಲವನ್ನು ತೊಳೆದು ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವ ಜಾಗದಲ್ಲಿ ಕೆಲವು ದಿನ ಇಟ್ಟು ಅನಂತರ ಎಸೆಯತಕ್ಕದ್ದು. ಬಿಸಿಲಿನಲ್ಲಿ ಒಣಗಿಸಿದ ಮಾತ್ರಕ್ಕೆ ಅದು ಮರುಬಳಕೆಗೆ ಯೋಗ್ಯವಾಗುವುದಿಲ್ಲ. ಅಡುಗೆ ಒಲೆಯ ಇದ್ದಿಲು ಇದಕ್ಕೆ ಬದಲಿಯಲ್ಲ. ಗಾಜಿನ ಅಂಚಿನ ಸಿಲಿಕೋನ್‌ಗೆ ಹಿಡಿದ ನೀಲಿ ಬಣ್ಣ ಹೋಗದಿರಬಹುದು. ಅದರಿಂದ ಗಾಬರಿಪಡಬೇಕಾಗಿಲ್ಲ.

ಉಪ್ಪನ್ನು ಇಂಗಾಲವು ತೆಗೆಯುವುದಿಲ್ಲ. ನೀರು ಆವಿಯಾದಾಗಲೂ ಉಪ್ಪು ಅಲ್ಲಿಯೇ ಉಳಿಯುವುದರಿಂದ ಕಡಿಮೆಯಾದ ನೀರನ್ನು ತುಂಬಿದ ಮಾತ್ರಕ್ಕೆ ಉಪಯೋಗವಿಲ್ಲ, ಹಳೆಯ ನೀರನ್ನು ಹೊರತೆಗೆಯಲೇಬೇಕು. ಮೈಲುತುತ್ತದ ತಾಮ್ರದ ವಿಷಯದಲ್ಲಿಯೂ ಇಂಗಾಲವನ್ನು ನೆಚ್ಚುವಂತಿಲ್ಲ. ತಾಮ್ರದ ಅಂಶವು ತಳದ ಕಲ್ಲುಗಳಿಗೆ ಅಂಟಿಕೊಳ್ಳಬಹುದಾದ್ದರಿಂದ ಅಂತಹ ತೊಟ್ಟಿಗೆ ಬಸವನಹುಳು, ಸೀಗಡಿಗಳನ್ನು ಬಿಡುವ ಮುನ್ನ ತಾಮ್ರದ ಪರೀಕ್ಷೆ ಮಾಡಿಕೊಳ್ಳುವುದು ಅವಶ್ಯ.

ಉಪಯುಕ್ತ ಬ್ಯಾಕ್ಟೀರಿಯಾಗಳ ರಕ್ಷಣೆ

ಅತಿ ಹೆಚ್ಚಿನ ಅಪಾಯವಿರುವುದು ಈ ಹಂತದಲ್ಲಿ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಉಂಟಾಗುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಮಿಥಿಲೀನ್ ಬ್ಲೂ ಹಾಗೂ ಕೆಲವು ಪ್ರತಿಜೈವಿಕಗಳು ಇವುಗಳನ್ನೂ ನಾಶಪಡಿಸಬಲ್ಲವು. ಆಗ ನೀರು ಕಣ್ಣಿಗೆ ತಿಳಿಯಾಗಿಯೇ ಕಂಡರೂ ಅಮೋನಿಯಾ ಏರಿರುತ್ತದೆ. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುವುದು, ಕಿವಿರು ಕೆಂಪಾಗುವುದು ಇದರ ಲಕ್ಷಣಗಳು. ಕ್ಷಾರೀಯ ನೀರಿನಲ್ಲಿ ಅಮೋನಿಯಾ ಹೆಚ್ಚು ವಿಷಕಾರಿಯಾದ್ದರಿಂದ ಅಂತಹ ಕೊಳವೆ ಬಾವಿ ನೀರು ಬಳಸುವವರು ವಿಶೇಷ ಎಚ್ಚರ ವಹಿಸತಕ್ಕದ್ದು. ಎರಡು ಮೂರು ವಾರಗಳವರೆಗೆ ಆಹಾರವನ್ನು ಅರ್ಧಕ್ಕೆ ಇಳಿಸಿ, ಗಾಳಿ ಪಂಪನ್ನು ಸತತವಾಗಿ ನಡೆಸಿ, ಸಾಧ್ಯವಾದಲ್ಲಿ ಅಮೋನಿಯಾ ಪರೀಕ್ಷಾ ಕಿಟ್ ಬಳಸುವುದು. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಗುರವಾಗಿ ಹಿಂಡಿದರೆ ಸಾಕು. ನೀರು ಹಾಲಿನಂತೆ ಮಸುಕಾದರೆ ತೊಟ್ಟಿಯನ್ನೆಲ್ಲ ಬರಿದುಮಾಡಿ ಉಜ್ಜುವುದರಿಂದ ತೊಂದರೆ ಹೆಚ್ಚುತ್ತದೆ.

ಹೊರತೆಗೆದ ನೀರಿನ ವಿಲೇವಾರಿ

ಔಷಧ ಬೆರೆತ ನೀರನ್ನು ಕೆರೆ, ಬಾವಿ, ಮಳೆನೀರಿನ ಚರಂಡಿಗಳಿಗೆ ಹಾಗೂ ತರಕಾರಿ ಪಾತಿಗಳಿಗೆ ಬಿಡಬಾರದು. ಮನೆಯ ಶೌಚಾಲಯದ ಮೂಲಕ ಒಳಚರಂಡಿಗೆ ಬಿಡತಕ್ಕದ್ದು. ಮ್ಯಾಲಕೈಟ್ ಗ್ರೀನ್ ಬಳಸಿದ ತೊಟ್ಟಿಯಲ್ಲಿ ಕೈಗವಸು ಧರಿಸಿ ಕೆಲಸ ಮಾಡುವುದು. ಆಹಾರಕ್ಕಾಗಿ ಸಾಕುವ ಮೀನುಗಳಿಗೆ ಈ ಔಷಧವನ್ನು ಯಾವ ಕಾರಣಕ್ಕೂ ಬಳಸಕೂಡದು.

ಮೀನುಗಳ ಸಾವು ಮುಂದುವರಿದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಹೋಗುವಾಗ ತೊಟ್ಟಿಯ ಉದ್ದ, ಅಗಲ, ನೀರಿನ ಎತ್ತರ, ಬಳಸಿದ ಔಷಧದ ಹೆಸರು, ಪ್ರಮಾಣ ಮತ್ತು ಹಾಕಿದ ದಿನಾಂಕಗಳನ್ನು ಬರೆದುಕೊಂಡು ಹೋಗುವುದು. ಸೆಂಟಿಮೀಟರ್‌ನಲ್ಲಿರುವ ಮೂರು ಅಳತೆಗಳನ್ನು ಗುಣಿಸಿ 1000 ದಿಂದ ಭಾಗಿಸಿದರೆ ನೀರಿನ ಪ್ರಮಾಣ ಲೀಟರ್‌ಗಳಲ್ಲಿ ದೊರೆಯುತ್ತದೆ.